ಶಿಪ್ಪೊ ಹಿಡಿಯ ಹಳೆಯ ಊರುಗೋಲು: ಲಕ್ಷಣ ನೋಡಿ ದೋಷ ಗುರುತಿಸುವ ಕ್ರಮ

ಜಪಾನಿನ ಎನಾಮೆಲ್ ಕೆಲಸವಿರುವ ಊರುಗೋಲಿನ ಹಿಡಿಯಲ್ಲಿ ಒಂದು ಬಿರುಕು ಕಂಡಿತೆಂದರೆ ನೋಡುವವರ ಗಮನವೆಲ್ಲ ಆ ಬಿರುಕಿನ ಮೇಲೆಯೇ ನಿಲ್ಲುತ್ತದೆ. ಎನಾಮೆಲ್ ಎಂಬುದು ತಾಮ್ರದ ಮೇಲೆ ಕರಗಿಸಿ ಕೂರಿಸಿದ ಗಾಜು. ಗಾಜು ತಾನಾಗಿ ಕೆಡುವುದು ಅಪರೂಪ. ಅಡಿಯ ಲೋಹ ನಗ್ಗಿದಾಗ, ಒಳಗಿನ ಅರಗು ಬಿಟ್ಟುಕೊಂಡಾಗ, ಕೋಲು ಬಾಗಿದಾಗ, ಅಥವಾ ಮನೆಯವರಾರೋ ಹಬ್ಬದ ಹಿಂದಿನ ದಿನ ದೀಪದ ಕಂಬಗಳ ಜೊತೆಯಲ್ಲಿ ಇದನ್ನೂ ಹುಣಸೆಹಣ್ಣಿನಿಂದ ಬೆಳಗಿಬಿಟ್ಟಾಗ, ಆ ಪೆಟ್ಟಿನ ಗುರುತು ಮೊದಲು ಕಾಣಿಸಿಕೊಳ್ಳುವುದು ಗಾಜಿನಲ್ಲಿ. ಆದ್ದರಿಂದ ಇಲ್ಲಿ ಪ್ರತಿಯೊಂದು ಲಕ್ಷಣವನ್ನೂ ಗಾಜಿನಿಂದ ಹಿಂದಕ್ಕೆ, ಅದರ ಅಡಿಯಲ್ಲಿರುವ ಕಾರಣದ ಕಡೆಗೆ ಹಿಂಬಾಲಿಸಲಾಗಿದೆ. ಬರಿಗಣ್ಣು ಮತ್ತು ಬೆರಳಿನಿಂದ ಆಗುವ ಪರೀಕ್ಷೆ ಮೊದಲು ಬರುತ್ತದೆ. ಹಣ ಮತ್ತು ತಜ್ಞರು ಬೇಕಾಗುವುದು ಕೊನೆಗೆ.

ಕೈಯಲ್ಲಿರುವ ವಸ್ತುವಿನ ರಚನೆ

ಜಪಾನಿನಲ್ಲಿ ಈ ಕಲೆಗೆ ಶಿಪ್ಪೊ ಎಂದು ಹೆಸರು. ಬೌದ್ಧ ಗ್ರಂಥಗಳ ಸಪ್ತರತ್ನಗಳಿಂದ ಬಂದ ಪದ ಅದು. ಇಂದು ನಮಗೆ ದೊರೆಯುವ ಬಗೆಯ ಕೆಲಸಕ್ಕೆ ಬುನಾದಿ ಹಾಕಿದವನು ಓವಾರಿ ಸೀಮೆಯ ಕಾಜಿ ತ್ಸುನೆಕಿಚಿ (1803–1883). 1830ರ ದಶಕದಲ್ಲಿ ಅವನು ಹೊರದೇಶದಿಂದ ಬಂದ ಎನಾಮೆಲ್ ತಟ್ಟೆಯೊಂದನ್ನು ಒಡೆದು ನೋಡಿ ಅದರ ಗುಟ್ಟು ತಿಳಿದುಕೊಂಡನೆಂದು ಹೇಳುತ್ತಾರೆ. ಒಡೆದು ಕಲಿಯುವ ಆ ಸ್ವಾತಂತ್ರ್ಯ ಅವನಿಗಿತ್ತು, ನಮಗಿಲ್ಲ. ಮೇಜಿ ಯುಗದಲ್ಲಿ (1868–1912) ಈ ಉದ್ಯಮ ನಗೋಯಾ, ಕ್ಯೋಟೊ ಮತ್ತು ಟೋಕಿಯೊಗಳಲ್ಲಿ ಬೆಳೆದು ರಫ್ತಿನ ಸರಕಾಯಿತು. 1870ರ ದಶಕದಲ್ಲಿ ಜರ್ಮನಿಯ ರಸಾಯನಜ್ಞ ಗಾಟ್‌ಫ್ರೀಡ್ ವಾಗೆನರ್ ಅಲ್ಲಿನ ಗಾಜಿನ ಮಿಶ್ರಣಗಳನ್ನು ಸುಧಾರಿಸಲು ನೆರವಾದ ಮೇಲೆ ಬಣ್ಣಗಳಿಗೆ ಪಾರದರ್ಶಕತೆ ಮತ್ತು ಆಳವಾದ ಹೊಳಪು ಬಂದವು.

ದೋಷ ಹುಡುಕುವವರಿಗೆ ಈ ಚರಿತ್ರೆಗಿಂತ ಪದರಗಳ ಲೆಕ್ಕ ಮುಖ್ಯ. ಹಿಡಿಯ ತಿರುಳು ತೆಳುವಾದ ತಾಮ್ರದ ಅಥವಾ ಬೆಳ್ಳಿಯ ಚಿಪ್ಪು. ಅದರ ಮೇಲೆ ಹಿತ್ತಾಳೆ, ಬೆಳ್ಳಿ ಅಥವಾ ಚಿನ್ನದ ಚಪ್ಪಟೆ ತಂತಿಯನ್ನು ಅಂಚಿನ ಮೇಲೆ ನಿಲ್ಲಿಸಿ ಚಿತ್ರದ ಗೆರೆಗಳನ್ನು ಕಟ್ಟುತ್ತಾರೆ. ತಂತಿಯನ್ನು ಮೊದಲಿಗೆ ಹಿಡಿದಿಡಲು ಒಂದು ಜಾತಿಯ ಸೀತಾಳೆ ಗಿಡದ ಗೆಡ್ಡೆಯ ಅಂಟು ಬಳಸುತ್ತಿದ್ದರು. ತಂತಿಗಳ ನಡುವಿನ ಅಂಕಣಗಳಿಗೆ ಬಣ್ಣದ ಗಾಜಿನ ಪುಡಿ ತುಂಬಿ, ಸುಡುವುದು, ಮತ್ತೆ ತುಂಬುವುದು, ಮತ್ತೆ ಸುಡುವುದು, ಕೊನೆಗೆ ಸಾಣೆಕಲ್ಲು ಮತ್ತು ಇದ್ದಿಲಿನಿಂದ ಉಜ್ಜಿ ನಯಗೊಳಿಸುವುದು ಕ್ರಮ. ಇದು ಯುಸೆನ್, ಅಂದರೆ ತಂತಿಯುಳ್ಳ ಶಿಪ್ಪೊ. ಸುಡುವ ಮುನ್ನ ತಂತಿಯನ್ನು ತೆಗೆದು ಬಣ್ಣಗಳು ಒಂದರೊಳಗೊಂದು ಕರಗುವಂತೆ ಮಾಡಿದರೆ ಅದು ಮುಸೆನ್. ಮೊದಲನೆಯದರಲ್ಲಿ ಕ್ಯೋಟೊದ ನಮಿಕಾವಾ ಯಸುಯುಕಿ, ಎರಡನೆಯದರಲ್ಲಿ ಟೋಕಿಯೊದ ನಮಿಕಾವಾ ಸೋಸುಕೆ ಹೆಸರುವಾಸಿ. ಇಬ್ಬರೂ 1896ರಲ್ಲಿ ಅರಮನೆಯ ಕಲಾವಿದರಾಗಿ ನೇಮಕಗೊಂಡರು, ಆದರೆ ಹೆಸರಿನ ಹೋಲಿಕೆಯನ್ನು ಬಿಟ್ಟರೆ ಇಬ್ಬರಿಗೂ ರಕ್ತಸಂಬಂಧವಿರಲಿಲ್ಲ. ಉಬ್ಬುತಗ್ಗು ಮೂಡಿಸಿದ ಬೆಳ್ಳಿಯ ತೆಳು ಹಾಳೆಯ ಮೇಲೆ ಪಾರದರ್ಶಕ ಗಾಜು ಹರಡಿದರೆ ಗಿನ್‌ಬಾರಿ. ನಿಮ್ಮ ಹಿಡಿ ಇವುಗಳಲ್ಲಿ ಯಾವುದೆಂದು ಮೊದಲು ಗುರುತಿಸಿಕೊಳ್ಳಬೇಕು, ಏಕೆಂದರೆ ಯುಸೆನ್ ಹಿಡಿಯಲ್ಲಿ ತಂತಿ ಕಾಣದಿರುವುದು ದೋಷ, ಮುಸೆನ್ ಹಿಡಿಯಲ್ಲಿ ಅದೇ ಸಹಜ.

ಇದಿಷ್ಟೂ ಹೂದಾನಿಗೂ ಸಲ್ಲುತ್ತದೆ. ಊರುಗೋಲಿನ ಪಾಡು ಬೇರೆ. ಹೂದಾನಿ ಕೂತಲ್ಲೇ ಕೂತಿರುತ್ತದೆ; ಕೋಲಿನ ಹಿಡಿ ಬೆವರಿನ ಕೈಯಲ್ಲಿ ತಿರುಗುತ್ತದೆ, ಬಾಗಿಲಿಗೆ ತಾಗುತ್ತದೆ, ಗೋಡೆಗೆ ಒರಗಿಸಿದಾಗ ಜಾರಿ ಬೀಳುತ್ತದೆ, ಬಿದ್ದಾಗ ಅದರ ಎಲ್ಲಕ್ಕಿಂತ ಭಾರವಾದ ತುದಿಯೇ ಮೊದಲು ನೆಲ ಮುಟ್ಟುತ್ತದೆ. ಹಿಡಿಯ ಚಿಪ್ಪಿನೊಳಗೆ ರಾಳ ಅಥವಾ ಅರಗು ತುಂಬಿ, ಅದರಲ್ಲಿ ಮರದ ಅಥವಾ ಲೋಹದ ಗೂಟವೊಂದನ್ನು ಹೂತು ಕೋಲಿಗೆ ಸೇರಿಸಿರುತ್ತಾರೆ. ಸೇರುವಲ್ಲಿ ಒಂದು ಲೋಹದ ಕೊರಳಪಟ್ಟಿ ಇರುತ್ತದೆ. ಕೋಲಿನ ಕೆಳತುದಿಗೆ, ಒನಕೆಗೆ ಹಾಕುವಂತೆಯೇ, ಅಣಸು ಇರುತ್ತದೆ.

ಪರೀಕ್ಷೆಗೆ ಕೈಹಾಕುವ ಮುನ್ನ

ಈ ಕೋಲನ್ನು ಊರಿಕೊಂಡು ನಡೆಯಬಾರದು. ನೂರು ವರ್ಷದ ಅರಗಿನ ಮೇಲೆ ದೇಹದ ಭಾರ ಬಿಟ್ಟರೆ ಹಾಳಾಗುವುದು ಹಿಡಿ ಮಾತ್ರವಲ್ಲ, ಬೀಳುವವರ ಸೊಂಟವೂ ಹೌದು.

ಹಿಡಿಯನ್ನು ತಿರುಗಿಸಿ ಎಳೆಯುವ ಮೊದಲು ಕೋಲಿನೊಳಗೆ ಕತ್ತಿ ಇದೆಯೇ ಎಂದು ತಿಳಿಯಬೇಕು. ಜಪಾನಿನಲ್ಲಿ 1876ರಲ್ಲಿ ಸಾರ್ವಜನಿಕವಾಗಿ ಖಡ್ಗ ಧರಿಸುವುದನ್ನು ನಿಷೇಧಿಸಲಾಯಿತು. ಕೋಲಿನಲ್ಲಿ ಅಲಗನ್ನು ಅಡಗಿಸುವ ಶಿಕೊಮಿಜುಎ ಎಂಬ ಪ್ರಕಾರ ಅಲ್ಲಿ ಪ್ರಸಿದ್ಧ, ಯೂರೋಪಿನಲ್ಲಿಯೂ ಇಂಥವು ಸಾಕಷ್ಟು ತಯಾರಾದವು. ಇದಕ್ಕೆ ಅತ್ಯಂತ ಅಗ್ಗದ ಪರೀಕ್ಷೆ ಒಂದು ಸಣ್ಣ ಅಯಸ್ಕಾಂತ. ಅದನ್ನು ಬಟ್ಟೆಯಲ್ಲಿ ಸುತ್ತಿ, ಹಿಡಿಯಿಂದ ದೂರವಿಟ್ಟು, ಕೋಲಿನ ಉದ್ದಕ್ಕೂ ನಿಧಾನವಾಗಿ ಸಾಗಿಸಬೇಕು. ಕೊರಳಪಟ್ಟಿಯ ಕೆಳಗೆ ಒಂದೆರಡು ಅಂಗುಲ ಮಾತ್ರ ಸೆಳೆತ ಸಿಕ್ಕರೆ ಅದು ಕಬ್ಬಿಣದ ಗೂಟ. ಗೇಣುದ್ದಕ್ಕೂ ಮೀರಿ ಸೆಳೆತ ಮುಂದುವರಿದರೆ ಒಳಗೆ ಅಲಗು ಇರುವ ಸಾಧ್ಯತೆ ಹೆಚ್ಚು. ಅಲ್ಲಿಗೆ ನಿಲ್ಲಿಸಿ. ತುಕ್ಕು ಹಿಡಿದ ಅಲಗು ಒಮ್ಮೆಲೇ ಬಿಟ್ಟುಕೊಂಡು ಕೈ ಸೀಳುತ್ತದೆ. ಅಲ್ಲದೆ ಭಾರತದ ಶಸ್ತ್ರಾಸ್ತ್ರ ನಿಯಮಗಳು ಖಡ್ಗಗಳ ಸಾಲಿನಲ್ಲಿಯೇ ಕತ್ತಿಗೋಲನ್ನೂ ಹೆಸರಿಸಿವೆ. ಇಟ್ಟುಕೊಳ್ಳುವ, ಮಾರುವ, ಸಾಗಿಸುವ ವಿಚಾರದಲ್ಲಿ ವಕೀಲರನ್ನೋ ಸ್ಥಳೀಯ ಪೊಲೀಸರನ್ನೋ ಮೊದಲೇ ಕೇಳುವುದು ಒಳಿತು.

ಹಳೆಯ ಎನಾಮೆಲ್‌ನಲ್ಲಿ ಸೀಸ ಸಾಮಾನ್ಯ. ಮರಳುಕಾಗದ ಹಾಕಿ ಉಜ್ಜಬಾರದು, ಉದುರಿದ ಚೂರನ್ನು ಬರಿಗೈಯಲ್ಲಿ ಬಳಿಯಬಾರದು, ಮುಟ್ಟಿದ ಮೇಲೆ ಕೈ ತೊಳೆಯಬೇಕು, ಮಕ್ಕಳನ್ನು ದೂರವಿಡಬೇಕು. ಚೂರುಗಳು ಗಾಜೇ ಆದ್ದರಿಂದ ಕಣ್ಣಿಗೆ ಕನ್ನಡಕವಿರಲಿ.

ಹುಣಸೆಹಣ್ಣು, ನಿಂಬೆ, ವಿನೆಗರ್, ಅಮೋನಿಯ, ಪಾತ್ರೆ ಬೆಳಗುವ ಪುಡಿ ಇವು ಯಾವುವೂ ಹತ್ತಿರ ಬರಬಾರದು. ನೀರಿನಲ್ಲಿ ಮುಳುಗಿಸುವುದು, ಒಡವೆ ಅಂಗಡಿಗಳಲ್ಲಿರುವ ಶಬ್ದತರಂಗದ ತೊಳೆಯುವ ಯಂತ್ರದಲ್ಲಿಡುವುದು, ಕೂದಲು ಒಣಗಿಸುವ ಯಂತ್ರದಿಂದ ಬಿಸಿ ಮಾಡುವುದು ಕೂಡ ನಿಷಿದ್ಧ. ಮೇಜಿನ ಮೇಲೆ ದಪ್ಪ ಟವೆಲ್ ಹಾಸಿ, ಕೋಲನ್ನು ಅಡ್ಡಡ್ಡ ಮಲಗಿಸಿ, ಕಿಟಕಿಯ ಬೆಳಕು ಓರೆಯಾಗಿ ಬೀಳುವಂತೆ ಇಟ್ಟುಕೊಂಡರೆ ಭೂತಗನ್ನಡಿಯೊಂದರಿಂದಲೇ ಅರ್ಧ ಕೆಲಸ ಮುಗಿಯುತ್ತದೆ. ಏನನ್ನಾದರೂ ಒರೆಸುವ ಮುನ್ನ ನಾಲ್ಕೂ ಕಡೆಯಿಂದ ಚಿತ್ರ ತೆಗೆದಿಡಿ. ಮುಂದೆ ಬಿರುಕು ಬೆಳೆದಿದೆಯೇ ಇಲ್ಲವೇ ಎಂಬ ಪ್ರಶ್ನೆಗೆ ಆ ಚಿತ್ರಗಳನ್ನು ಬಿಟ್ಟರೆ ಬೇರೆ ಸಾಕ್ಷಿ ಇರುವುದಿಲ್ಲ.

ಹಿಡಿ ಅಲುಗಾಡುತ್ತಿದೆ, ಅಥವಾ ಕೈಯಲ್ಲಿ ತಿರುಗುತ್ತಿದೆ

ಅತ್ಯಂತ ಸಾಮಾನ್ಯವಾದ, ಮತ್ತು ಅತ್ಯಂತ ಕೆಟ್ಟ ರೀತಿಯಲ್ಲಿ ರಿಪೇರಿಯಾಗುವ ದೋಷ ಇದು. ಒಂದು ಕೈಯಲ್ಲಿ ಕೊರಳಪಟ್ಟಿಯ ಕೆಳಗೆ ಕೋಲನ್ನು ಹಿಡಿದು, ಇನ್ನೊಂದು ಕೈಯ ಎರಡು ಬೆರಳುಗಳಿಂದ ಹಿಡಿಯನ್ನು ಅತಿ ಮೆಲ್ಲಗೆ ಅಲುಗಿಸಿ. ಹಿಡಿಯೂ ಕೊರಳಪಟ್ಟಿಯೂ ಒಟ್ಟಿಗೆ ಅಲುಗಿದರೆ ಕೋಲು ಒಣಗಿ ಕುಗ್ಗಿದೆ, ಪಟ್ಟಿ ಸಡಿಲವಾಗಿದೆ ಎಂದು ಅರ್ಥ. ಪಟ್ಟಿ ಗಟ್ಟಿಯಾಗಿದ್ದು ಹಿಡಿ ಮಾತ್ರ ತಿರುಗಿದರೆ ಒಳಗಿನ ಅರಗು ಗೂಟವನ್ನು ಬಿಟ್ಟಿದೆ. ಅಲುಗಿಸಿದಾಗ ಒಳಗಿನಿಂದ ಮರಳು ಸರಿದಂತೆ ಸದ್ದು ಬಂದರೆ ಅರಗು ಪುಡಿಯಾಗಿದೆ. ಟಕ್ ಟಕ್ ಎಂಬ ಗಟ್ಟಿ ಸದ್ದು ಗೂಟವೇ ಮುರಿದಿರುವುದರ ಸೂಚನೆ.

ಮೊದಲನೆಯ ಸ್ಥಿತಿ ಹಲವು ಸಲ ಹವೆಯ ಆಟ. ಬೇಸಿಗೆಯಲ್ಲಿ, ಹವಾನಿಯಂತ್ರಿತ ಕೋಣೆಯಲ್ಲಿ ಮರ ಕುಗ್ಗುತ್ತದೆ, ಮಳೆಗಾಲದಲ್ಲಿ ಉಬ್ಬುತ್ತದೆ. ಕೋಲನ್ನು ಸಾಧಾರಣ ಹವೆಯ ಕೋಣೆಯಲ್ಲಿ ಎರಡು ಮೂರು ವಾರ ಮಲಗಿಸಿಟ್ಟು ಮತ್ತೆ ನೋಡಬೇಕು. ಎಷ್ಟೋ ಕೋಲುಗಳು ಇಷ್ಟರಿಂದಲೇ ಬಿಗಿಯಾಗುತ್ತವೆ. ಆದರೆ ಹಿಡಿ ತಿರುಗುತ್ತಿದ್ದರೆ ಅದನ್ನು ಪೂರ್ತಿ ಕಿತ್ತು ನೋಡುವ ಆಸೆಯನ್ನು ಹತ್ತಿಕ್ಕಬೇಕು. ತಿರುಚುವ ಬಲ ನೇರವಾಗಿ ತೆಳು ತಾಮ್ರದ ಚಿಪ್ಪಿನ ಮೇಲೆ ಬೀಳುತ್ತದೆ. ತಾಮ್ರ ಅದನ್ನು ತಡೆದುಕೊಂಡೀತು, ಗಾಜು ತಡೆಯದು.

ಕ್ಷಣದಲ್ಲಿ ಅಂಟಿಕೊಳ್ಳುವ ಅಂಟನ್ನಾಗಲಿ ಎಪಾಕ್ಸಿಯನ್ನಾಗಲಿ ಕೊರಳಪಟ್ಟಿಯ ಸಂದಿಗೆ ಬಿಡಬಾರದು. ನನ್ನ ಕೈಗೆ ಬಂದ ಕೋಲೊಂದರಲ್ಲಿ ಹಿಂದಿನ ಒಡೆಯರು ಹೀಗೆ ಮಾಡಿದ್ದರು. ಅಂಟು ಹೊರಕ್ಕೆ ಹರಿದು ಕೆಳಗಿನ ಸಾಲಿನ ಸೇವಂತಿಗೆ ಹೂಗಳ ಮೇಲೆ ಗಟ್ಟಿಯಾಗಿತ್ತು. ಅದನ್ನು ಕರಗಿಸಲು ಹೊರಟರೆ ಒಳಗಿನ ಅರಗೂ ಕರಗುತ್ತಿತ್ತು. ಕೊನೆಗೆ ಅದನ್ನು ಹಾಗೆಯೇ ಬಿಡಬೇಕಾಯಿತು. ಹಳೆಯ ಅರಗು ಮತ್ತು ಮೂಳೆಗೋಂದುಗಳ ಗುಣವೇ ಅವುಗಳನ್ನು ಮತ್ತೆ ಬಿಡಿಸಬಹುದೆಂಬುದು. ತಜ್ಞರು ಅದೇ ಬಗೆಯ ಅಂಟಿನಿಂದ ಮರುಜೋಡಣೆ ಮಾಡುತ್ತಾರೆ. ಅಲ್ಲಿಯವರೆಗೆ ಹತ್ತಿಯ ಪಟ್ಟಿಯೊಂದನ್ನು ಹಿಡಿ ಮತ್ತು ಕೋಲಿಗೆ ಸಡಿಲವಾಗಿ ಸುತ್ತಿ ಕಟ್ಟಿಡುವುದು ಸಾಕು.

ಹೊಳಪು ಮಾಸಿದೆ

ಮೊದಲ ಅನುಮಾನ ಕೊಳೆಯ ಮೇಲೆ. ಕೈಯ ಎಣ್ಣೆ, ಹಿಂದೆ ಸವರಿದ ಮೇಣ, ಧೂಳು ಸೇರಿ ಗಾಜಿನ ಮೇಲೆ ಕಂದು ಪೊರೆಯಾಗುತ್ತದೆ. ಒಣಗಿದ ಮೆತ್ತನೆಯ ಹತ್ತಿಯಿಂದ, ಒತ್ತದೆ, ಒಂದು ಕಾಳುಮೆಣಸಿನಷ್ಟು ಜಾಗವನ್ನು ಒರೆಸಿ ನೋಡಿ. ಎಲ್ಲಿಯೂ ಬಿರುಕು, ಹಸಿರು, ಎದ್ದ ತಂತಿ ಇಲ್ಲವೆಂದು ಭೂತಗನ್ನಡಿಯಿಂದ ಖಚಿತವಾದ ಮೇಲಷ್ಟೇ, ಭಟ್ಟಿ ಇಳಿಸಿದ ನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಹತ್ತಿಕಡ್ಡಿಯನ್ನು ಅದೇ ಜಾಗದಲ್ಲಿ ಉರುಳಿಸಿ, ಕೂಡಲೇ ಒಣಹತ್ತಿಯಿಂದ ಒತ್ತಿ ತೇವ ತೆಗೆಯಬೇಕು. ನಲ್ಲಿಯ ನೀರು ಬೇಡ. ಅದರ ಲವಣ ತಂತಿಯಂಚಿನಲ್ಲಿ ಉಳಿಯುತ್ತದೆ. ಹತ್ತಿ ಕಂದಾಗಿ ಬಂದು ಗಾಜು ಹೊಳೆದರೆ ಸಮಸ್ಯೆ ಕೊಳೆಯದೇ. ಹತ್ತಿಗೆ ಹೂವಿನ ಬಣ್ಣವೇ ಅಂಟಿಕೊಂಡು ಬಂದರೆ ನಿಲ್ಲಿಸಿ: ಸುಟ್ಟ ಗಾಜಿನ ಬಣ್ಣ ಒರೆಸಿದರೆ ಬರುವುದಿಲ್ಲ, ಅದು ಯಾರೋ ಮೇಲೆ ಹಚ್ಚಿದ ಪೇಂಟು.

ಹಿಡಿಯ ಮೇಲ್ಭಾಗ ಮಾತ್ರ, ಅಂಗೈ ಕೂರುವ ಕಡೆ ಮಾತ್ರ ಮಾಸಿದ್ದರೆ ಅದು ಬಳಕೆಯ ಸವೆತ. ಸಣ್ಣ ಗೀರುಗಳು ಎಲ್ಲ ದಿಕ್ಕಿಗೂ ಹಾಯ್ದಿರುತ್ತವೆ. ಇದಕ್ಕೆ ಚಿಕಿತ್ಸೆ ಇಲ್ಲ, ಬೇಕಾಗಿಯೂ ಇಲ್ಲ. ಗೀರುಗಳೆಲ್ಲ ಒಂದೇ ದಿಕ್ಕಿಗಿದ್ದು ಸಮಾನಾಂತರವಾಗಿದ್ದರೆ ಯಾರೋ ಯಂತ್ರದ ಬಟ್ಟೆಗಾಲಿಯಿಂದ ಪಾಲಿಶ್ ಮಾಡಿದ್ದಾರೆ. ತಂತಿಗಳಿಗೆ ಚಿನ್ನದ ಲೇಪವಿದ್ದಿದ್ದರೆ ಆಗ ಅದೂ ಹೋಗಿರುತ್ತದೆ.

ಒರೆಸಿದರೂ ಮತ್ತೆ ಮತ್ತೆ ಅಂಟಂಟಾಗುತ್ತಿದೆ, ಹನಿಗಟ್ಟುತ್ತಿದೆ

ಮೇಲಿನ ಕೊಳೆಯೊಂದಿಗೆ ಇದನ್ನು ಬೆರೆಸಬಾರದು. ಕೊಳೆಯನ್ನು ಒಮ್ಮೆ ತೆಗೆದರೆ ಅದು ನಾಳೆಯೇ ಮರಳುವುದಿಲ್ಲ. ಒಣಹತ್ತಿಯಿಂದ ಒರೆಸಿದ ಕೆಲವೇ ದಿನಗಳಲ್ಲಿ, ವಿಶೇಷವಾಗಿ ಮಳೆಗಾಲದಲ್ಲಿ, ಯಾವುದೋ ಒಂದು ಬಣ್ಣದ ಅಂಕಣಗಳಲ್ಲಿ ಮಾತ್ರ ಜಿಡ್ಡಿನ ತೇವ ಮತ್ತೆ ಕಾಣಿಸಿಕೊಂಡರೆ, ಅದು ಗಾಜೇ ಬಿಡುತ್ತಿರುವ ಕ್ಷಾರ. ಗಾಜು ಅಪರೂಪಕ್ಕೆ ತಾನಾಗಿ ಕೆಡುವುದು ಹೀಗೆ. ಮಿಶ್ರಣದಲ್ಲಿ ಪೊಟ್ಯಾಶ್ ಅಥವಾ ಸೋಡಾ ಹೆಚ್ಚಾಗಿ ಸುಣ್ಣದಂಶ ಕಡಿಮೆಯಾದ ಗಾಜಿನಿಂದ ಗಾಳಿಯ ತೇವಾಂಶ ಆ ಕ್ಷಾರವನ್ನು ಹೊರಕ್ಕೆಳೆಯುತ್ತದೆ. ಫ್ರಾನ್ಸಿನ ಲಿಮೋಜ್‌ನ ಹಳೆಯ ಎನಾಮೆಲ್‌ಗಳಲ್ಲಿ ಇದು ಚೆನ್ನಾಗಿ ಗುರುತಿಸಲ್ಪಟ್ಟ ರೋಗ. ಬಣ್ಣದಿಂದ ಬಣ್ಣಕ್ಕೆ ಮಿಶ್ರಣ ಬದಲಾಗುವುದರಿಂದ ಒಂದು ಬಣ್ಣ ಅಳುವಾಗ ಪಕ್ಕದ ಬಣ್ಣ ಚೆನ್ನಾಗಿಯೇ ಇರುತ್ತದೆ.

ಖಚಿತಪಡಿಸಿಕೊಳ್ಳಲು ಶಾಲೆಯ ಪ್ರಯೋಗಾಲಯದ ಪಿಎಚ್ ಕಾಗದ ಸಾಕು. ಭಟ್ಟಿ ನೀರಿನ ಹತ್ತಿಕಡ್ಡಿಯನ್ನು ಆ ಜಾಗಕ್ಕೆ ಸೋಕಿಸಿ, ಆ ಹತ್ತಿಯನ್ನು ಕಾಗದಕ್ಕೆ ಒತ್ತಬೇಕು. ಕಾಗದವನ್ನು ನೇರವಾಗಿ ಎನಾಮೆಲ್‌ಗೆ ಒತ್ತಬಾರದು. ಕಾಗದದ ಬಣ್ಣ 9ರ ಆಚೆಗೆ ಹೋದರೆ ಅನುಮಾನ ನಿಜ. ಆ ತೇವದಲ್ಲಿರುವ ಪೊಟ್ಯಾಸಿಯಂ ಕಾರ್ಬೊನೇಟ್ ಶೇಕಡಾ 43ರ ಆಸುಪಾಸಿನ ಸಾಪೇಕ್ಷ ಆರ್ದ್ರತೆಯಲ್ಲಿಯೇ ಗಾಳಿಯಿಂದ ನೀರು ಹೀರಿ ಕರಗತೊಡಗುತ್ತದೆ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಆರ್ದ್ರತೆ ಶೇಕಡಾ 80 ದಾಟುವುದು ದಿನನಿತ್ಯದ ಮಾತಾದ್ದರಿಂದ ಮಂಗಳೂರಿನ ಮನೆಯಲ್ಲಿ ಅಳುವ ಕೋಲು ಧಾರವಾಡದ ಬೇಸಿಗೆಯಲ್ಲಿ ಸುಮ್ಮನಾಗಬಹುದು, ಆದರೆ ವಾಸಿಯಾಗುವುದಿಲ್ಲ. ಸಿಲಿಕಾ ಜೆಲ್ ಚೀಲಗಳೊಂದಿಗೆ ಮುಚ್ಚಳವಿರುವ ಪೆಟ್ಟಿಗೆಯಲ್ಲಿಟ್ಟು, ಆರ್ದ್ರತೆ ಅಳೆಯುವ ಸಣ್ಣ ಮಾಪಕವೊಂದನ್ನು ಜೊತೆಗಿಟ್ಟು, ಶೇಕಡಾ 40ರ ಹತ್ತಿರ ಕಾಯ್ದುಕೊಳ್ಳುವುದು ತಾತ್ಕಾಲಿಕ ಆಸರೆ. ಅದಕ್ಕಿಂತ ತೀರಾ ಒಣಗಿಸಿದರೆ ತೇವ ಕಳೆದುಕೊಂಡ ಮೇಲ್ಪದರ ಜೇಡರಬಲೆಯಂತೆ ಬಿರಿಯುತ್ತದೆ, ಕೋಲಿನ ಮರವೂ ಸೀಳುತ್ತದೆ. ಇಲ್ಲಿಂದ ಮುಂದಿನದು ಮನೆಯ ಕೆಲಸವಲ್ಲ.

ತಂತಿಯಂಚಿನಲ್ಲಿ ಹಸಿರು

ಕಿಲುಬು ಎಂದರೆ ನಮಗೆಲ್ಲ ಗೊತ್ತು. ಕಲಾಯಿ ಹೋದ ತಾಮ್ರದ ಪಾತ್ರೆಯಲ್ಲಿ ಹುಳಿ ಇಟ್ಟರೆ ಏಳುವುದು ಅದೇ. ಹಿಡಿಯಲ್ಲಿ ಅದು ಎಲ್ಲಿದೆ ಎಂಬುದರ ಮೇಲೆ ಅರ್ಥ ಬದಲಾಗುತ್ತದೆ. ಹಿತ್ತಾಳೆಯ ಕೊರಳಪಟ್ಟಿಯ ಮೇಲೆ ಮಾತ್ರ ಇದ್ದರೆ ಅದು ಬೆವರಿನ ಫಲ. ಬಿದಿರಿನ ಹಲ್ಲುಕಡ್ಡಿಯ ತುದಿಯಿಂದ ಒಣಗಿದ್ದಂತೆಯೇ ಎಬ್ಬಿಸಿ ತೆಗೆಯಬಹುದು. ತಂತಿಗಳ ಮೇಲೆ ತೆಳುವಾಗಿ, ಎಲ್ಲ ಕಡೆಗೂ ಸಮನಾಗಿ ಹರಡಿದ್ದರೆ ಹಿಂದೆ ಹಚ್ಚಿದ ಪಾಲಿಶ್ ಅಥವಾ ಮೇಣದ ಆಮ್ಲ ಹಿತ್ತಾಳೆ ತಂತಿಯೊಂದಿಗೆ ಸೇರಿದೆ. ಇದೂ ಗಾಬರಿಯ ವಿಷಯವಲ್ಲ. ತಂತಿ ಮತ್ತು ಗಾಜಿನ ನಡುವಿನ ಸಂದಿಯಿಂದ, ಒಂದೇ ಜಾಗದಲ್ಲಿ, ತೆಗೆದರೂ ತಿಂಗಳೊಳಗೆ ಹಸಿರು ಮತ್ತೆ ಉಕ್ಕಿ ಬರುತ್ತಿದ್ದರೆ ಮಾತ್ರ ಚಿಂತಿಸಬೇಕು. ತೇವ ಅಡಿಯ ತಾಮ್ರವನ್ನು ತಲುಪಿದೆ. ಕಿಲುಬು ತಾಮ್ರಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಅದು ಒಳಗಿನಿಂದ ಗಾಜನ್ನು ಮೇಲಕ್ಕೆತ್ತುತ್ತದೆ.

ಆ ಜಾಗವನ್ನು ಉಗುರಿನ ತುದಿಯಿಂದ ಮೆಲ್ಲಗೆ ತಟ್ಟಿ, ಪಕ್ಕದ ಗಟ್ಟಿ ಜಾಗದ ಸದ್ದಿನೊಂದಿಗೆ ಹೋಲಿಸಿ. ಗಟ್ಟಿ ಜಾಗದ ಸದ್ದು ಚುರುಕಾಗಿರುತ್ತದೆ. ಎದ್ದ ಜಾಗದ ಸದ್ದು ಮೊಂಡು. ಮೊಂಡು ಸದ್ದು ಬಂದರೆ ಒರೆಸುವುದನ್ನೂ ನಿಲ್ಲಿಸಿ. ಹಸಿರನ್ನು ಕರಗಿಸಲು ಹುಳಿ ಹಾಕಿದರೆ ಅದು ಸಂದಿಯೊಳಗೆ ಇಳಿದು ಅಲ್ಲಿಯೇ ಉಳಿಯುತ್ತದೆ. ಪಾತ್ರೆಯನ್ನಾದರೆ ತೊಳೆದು ಬಿಡಬಹುದು. ಈ ಸಂದಿಯನ್ನು ತೊಳೆಯಲು ದಾರಿಯೇ ಇಲ್ಲ.

ಕೂದಲೆಳೆಯಂಥ ಗೆರೆಗಳು

ಬಿರುಕುಗಳೆಲ್ಲ ಒಂದೇ ಅಲ್ಲ. ಅವುಗಳ ಆಕಾರವನ್ನು ಓದಲು ಕಲಿತರೆ ಕೋಲಿನ ಜೀವನಚರಿತ್ರೆಯ ಬಹುಭಾಗ ಸಿಕ್ಕಿಬಿಡುತ್ತದೆ.

ಒಂದು ಬಿಂದುವಿನಿಂದ ನಕ್ಷತ್ರದಂತೆ ಸುತ್ತಲೂ ಚೆದುರಿದ ಗೆರೆಗಳು ಪೆಟ್ಟಿನವು. ಓರೆಬೆಳಕಿನಲ್ಲಿ ನೋಡಿದರೆ ನಡುವೆ ಒಂದು ಸಣ್ಣ ನಗ್ಗು ಕಾಣುತ್ತದೆ. ತಾಮ್ರ ಒಂದು ಡಿಗ್ರಿ ಸೆಲ್ಸಿಯಸ್‌ಗೆ ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು 17 ಭಾಗದಷ್ಟು ಹಿಗ್ಗುವ ಲೋಹ. ಅದಕ್ಕಿಂತ ಕಡಿಮೆ ಹಿಗ್ಗುವ ಗಾಜನ್ನು ಅದರ ಮೇಲೆ ಕರಗಿಸಿ ತಣಿಸಿದಾಗ, ಹೆಚ್ಚು ಕುಗ್ಗುವ ತಾಮ್ರ ಗಾಜನ್ನು ಸದಾ ಅಮುಕಿ ಹಿಡಿದಿರುತ್ತದೆ. ಗಾಜು ಅಮುಕುವುದನ್ನು ತಡೆಯುತ್ತದೆ, ಎಳೆಯುವುದನ್ನು ತಡೆಯದು. ನಗ್ಗು ಬಿದ್ದಾಗ ಅಲ್ಲಿನ ತಾಮ್ರ ಹಿಗ್ಗಿ ಗಾಜನ್ನು ಎಳೆಯುತ್ತದೆ, ಅದು ಸೀಳುತ್ತದೆ. ಈ ಕಾರಣಕ್ಕೇ ನಗ್ಗನ್ನು ಒಳಗಿನಿಂದ ತಟ್ಟಿ ಸರಿಪಡಿಸುತ್ತೇವೆ ಎನ್ನುವ ಬೆಳ್ಳಿಯ ಕೆಲಸದವರ ಕೈಗೆ ಹಿಡಿಯನ್ನು ಕೊಡಬಾರದು. ಅವರ ಕೌಶಲ ಸಂಶಯಾತೀತವೇ ಇರಬಹುದು. ಆದರೆ ತಾಮ್ರ ಹಿಂದಕ್ಕೆ ಬಂದಂತೆ ಗಾಜು ಉದುರುತ್ತದೆ.

ಹಿಡಿಯ ಉದ್ದಕ್ಕೂ, ಕೊರಳಪಟ್ಟಿಯಿಂದ ಹೊರಟು ಮೇಲಕ್ಕೆ ಏರುವ ಒಂಟಿ ಗೆರೆ ಬೇರೆಯದನ್ನು ಹೇಳುತ್ತದೆ. ಒಳಗಿನ ಮರದ ಗೂಟ ತೇವ ಹೀರಿ ಉಬ್ಬಿದೆ, ಅಥವಾ ಕಬ್ಬಿಣದ ಗೂಟಕ್ಕೆ ತುಕ್ಕು ಹಿಡಿದು ಅದು ದಪ್ಪವಾಗಿದೆ. ಗೆರೆಯ ಬುಡದಲ್ಲಿ ಕಂದುಕೆಂಪು ಕಲೆ ಇದ್ದರೆ ತುಕ್ಕೇ ಎಂದು ತಿಳಿಯಬಹುದು. ಅಯಸ್ಕಾಂತ ಅದನ್ನು ದೃಢಪಡಿಸುತ್ತದೆ. ಈ ಬಿರುಕು ಬೆಳೆಯುವ ಜಾತಿಯದು. ಅದರ ತುದಿ ಯಾವ ದಳದ ಬಳಿ ನಿಂತಿದೆ ಎಂದು ಬರೆದಿಟ್ಟುಕೊಂಡು ತಿಂಗಳಿಗೊಮ್ಮೆ ನೋಡಿ. ಮುಂದೆ ಸರಿದಿದ್ದರೆ ಕಾಯಬೇಡಿ.

ಇಡೀ ಮೇಲ್ಮೈಯನ್ನು ಬಲೆಯಂತೆ ಆವರಿಸಿದ ಸಣ್ಣ ಗೆರೆಗಳು ಕಂಡರೆ ಮೊದಲು ಹಿಡಿ ಲೋಹದ್ದೇ ಎಂದು ಕೇಳಿಕೊಳ್ಳಿ. ಸತ್ಸುಮಾ ಎಂದು ಹೆಸರಾದ ಜಪಾನಿ ಮಣ್ಣಿನ ಪಾತ್ರೆಗಳ ಕೆನೆಬಣ್ಣದ ಮೆರುಗಿನಲ್ಲಿ ಇಂಥ ಬಲೆ ಹುಟ್ಟಿನಿಂದಲೇ ಬಂದ ಲಕ್ಷಣ. ಅದರ ಮೇಲಿನ ಚಿತ್ರದಲ್ಲಿ ಲೋಹದ ತಂತಿ ಇರುವುದಿಲ್ಲ. ತಾಮ್ರದ ಹಿಡಿಯ ಮೇಲೆ ಬಲೆ ಕಂಡರೆ ಮಾತ್ರ, ಅಂಟಂಟಾಗುವ ಗಾಜಿನ ಬಗ್ಗೆ ಮೇಲೆ ಹೇಳಿದ ಕ್ಷಾರದ ರೋಗವನ್ನು, ಇಲ್ಲವೇ ಎಂದೋ ತಗುಲಿದ ಬಿಸಿಯನ್ನು ಶಂಕಿಸಬೇಕು.

ಚಕ್ಕೆ ಎದ್ದಿದೆ

ಬಿದ್ದ ಚೂರು ಸಿಕ್ಕಿದ್ದರೆ ಅದನ್ನು ಕಾಗದದಲ್ಲಿ ಮಡಚಿ, ಎಲ್ಲಿಂದ ಬಿದ್ದದ್ದೆಂದು ಬರೆದು ಇಡಿ. ಅಂಟಿಸುವ ಪ್ರಯತ್ನ ಬೇಡ. ಕುಳಿಯ ತಳವನ್ನು ಭೂತಗನ್ನಡಿಯಲ್ಲಿ ನೋಡಿ. ತಳದಲ್ಲಿ ಇನ್ನೂ ಗಾಜಿನ ತೆಳು ಪದರ ಅಥವಾ ಕೆಂಪುಕಂದು ಬಣ್ಣದ ತಾಮ್ರದ ಆಕ್ಸೈಡ್ ಉಳಿದಿದ್ದರೆ ಗಾಜಿನ ಹಿಡಿತ ಚೆನ್ನಾಗಿದೆ, ಪೆಟ್ಟಿಗೆ ಮೇಲ್ಭಾಗ ಮಾತ್ರ ಚಿಪ್ಪೆದ್ದಿದೆ. ಅದು ಹಾಗೆಯೇ ಇನ್ನೊಂದು ನೂರು ವರ್ಷ ಇರಬಲ್ಲದು. ತಳದಲ್ಲಿ ಬರಿಯ, ಶುಭ್ರವಾದ ಲೋಹ ಕಂಡರೆ ಗಾಜು ತಾಮ್ರವನ್ನೇ ಬಿಟ್ಟಿದೆ, ಸುತ್ತಲಿನ ಭಾಗವೂ ಸಾಲಿನಲ್ಲಿ ನಿಂತಿದೆ. ಅಂಚುಗಳನ್ನು ಉಗುರಿನಿಂದ ಕೆದಕಿ ಪರೀಕ್ಷಿಸಬಾರದು.

ಬಿಟ್ಟ ಜಾಗಕ್ಕೆ ಮತ್ತೆ ಗಾಜಿನ ಪುಡಿ ತುಂಬಿ ಸುಟ್ಟರಾಯಿತಲ್ಲ ಎಂಬ ಪ್ರಶ್ನೆ ಸಹಜ. ಶಿಪ್ಪೊ ಸುಡುವ ಶಾಖ 700 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲಿನದು. ನೂರು ವರ್ಷದ ಕೊಳೆ, ಕಿಲುಬು, ಬಿರುಕಿನೊಳಗಿನ ತೇವ ಇವೆಲ್ಲ ಇರುವ ಹಿಡಿ ಮತ್ತೊಮ್ಮೆ ಒಲೆಗೆ ಹೋದರೆ ಉಳಿದ ಚಿತ್ರವೂ ಉಳಿಯುವುದಿಲ್ಲ. ಸಂರಕ್ಷಣಾ ತಜ್ಞರು ಅಸಿಟೋನ್‌ನಲ್ಲಿ ಕರಗುವ, ಮುಂದೆ ಬೇಕಾದಾಗ ತೆಗೆಯಬಹುದಾದ ಪಾರಲಾಯ್ಡ್ ಬಿ-72 ಎಂಬ ಅಕ್ರಿಲಿಕ್ ರಾಳದಿಂದ ಸಡಿಲ ಅಂಚುಗಳನ್ನು ಹಿಡಿದು ನಿಲ್ಲಿಸುತ್ತಾರೆ, ಬೇಕೆನಿಸಿದರೆ ಕುಳಿಗೆ ಬಣ್ಣದ ರಾಳ ತುಂಬುತ್ತಾರೆ. ತುಂಬದೆ ಬಿಡುವುದೇ ನನಗೆ ಹೆಚ್ಚು ಒಪ್ಪಿತ.

ಪಾರದರ್ಶಕ ಬಣ್ಣದ ಅಡಿಯಲ್ಲಿ ಕಪ್ಪು ಮೋಡ

ಇದು ಗಿನ್‌ಬಾರಿ ಹಿಡಿಗಳ ಕಾಯಿಲೆ. ಕೆಂಪು ಅಥವಾ ಹಸಿರು ಪಾರದರ್ಶಕ ಗಾಜಿನ ಕೆಳಗಿನ ಬೆಳ್ಳಿ ಹಾಳೆ ಎಲ್ಲೋ ಒಂದು ಬಿರುಕಿನ ಮೂಲಕ ಗಾಳಿ ಕುಡಿದು ಕಪ್ಪಾಗಿದೆ. ಬಿರುಕನ್ನು ಹುಡುಕಿ, ಕಪ್ಪು ಅದರ ಎರಡೂ ಬದಿಗೆ ಹರಡಿರುತ್ತದೆ. ಒಳಗಿನ ಕಪ್ಪನ್ನು ತೆಗೆಯುವ ಮಾರ್ಗವಿಲ್ಲ, ಹೆಚ್ಚದಂತೆ ತಡೆಯಬಹುದು. ಬೆಳ್ಳಿಯನ್ನು ಕಪ್ಪಾಗಿಸುವ ಗಂಧಕದ ಆವಿ ಬರುವುದು ರಬ್ಬರ್ ಮತ್ತು ಉಣ್ಣೆಗಳಿಂದ. ಕೋಲಿನ ತುದಿಗೆ ಯಾರೋ ಹಾಕಿದ ರಬ್ಬರ್ ಟೋಪಿ, ಪೆಟ್ಟಿಗೆಯೊಳಗಿನ ಉಣ್ಣೆಯ ಹಾಸು, ಕಟ್ಟಿದ ರಬ್ಬರ್ ಬ್ಯಾಂಡ್, ಇವನ್ನು ಮೊದಲು ತೆಗೆಯಿರಿ.

ದೋಷದಂತೆ ಕಂಡರೂ ದೋಷವಲ್ಲದವು

ಕಂದು ಹಿನ್ನೆಲೆಯಲ್ಲಿ ತಾಮ್ರದ ಕಣಗಳಂತೆ ಮಿನುಗುವ ಚುಕ್ಕೆಗಳು ತುಕ್ಕಲ್ಲ. ಅವು ಬೇಕೆಂದೇ ಬೆರೆಸಿದ ಮಿನುಗುಗಾಜು. ಮೊದಲ ದಶಕಗಳ ಶಿಪ್ಪೊ ಕೆಸರುಬಣ್ಣದ, ಹೊಳಪಿಲ್ಲದ ಕೆಲಸ. ಜಪಾನೀಯರೇ ಅದನ್ನು ದೊರೊ ಶಿಪ್ಪೊ, ಕೆಸರಿನ ಶಿಪ್ಪೊ ಎನ್ನುತ್ತಾರೆ. ಅದಕ್ಕೆ ಹೊಳಪು ತರಲು ಹೊರಡುವವರು ಇಲ್ಲದ ರೋಗಕ್ಕೆ ಔಷಧ ಕೊಡುತ್ತಿದ್ದಾರೆ. ಸೂಜಿಮೊನೆಯಷ್ಟು ಸಣ್ಣ ಗುಳಿಗಳು ಸುಡುವಾಗ ಸಿಕ್ಕಿಕೊಂಡ ಗಾಳಿಯ ಗುಳ್ಳೆಗಳು ಒಡೆದ ಗುರುತು. ಬೆಲೆ ಕಡಿಮೆಯ ಕೆಲಸದಲ್ಲಿ ಅವನ್ನು ಬಣ್ಣದ ಮೇಣದಿಂದ ಮುಚ್ಚುತ್ತಿದ್ದರು. ಬಿಸಿಲಿಗೆ ಆ ಮೇಣ ಕರಗಿ ಹೋದಾಗ ಹೊಸದಾಗಿ ತೂತು ಬಿದ್ದಂತೆ ಕಾಣುತ್ತದೆ.

ಒಂದು ಭಾಗದ ಹೊಳಪೇ ಬೇರೆ

ಹಳೆಯ ತೇಪೆ ಇದು. ಬೆರಳಿನ ಹಿಂಬದಿಯಿಂದ ಮುಟ್ಟಿದರೆ ಗಾಜು ತಣ್ಣಗಿರುತ್ತದೆ, ರಾಳ ಅಷ್ಟು ತಣ್ಣಗಿರದು. ಕತ್ತಲೆಯಲ್ಲಿ 365 ನ್ಯಾನೊಮೀಟರಿನ ನೇರಳಾತೀತ ಟಾರ್ಚು ಹಾಯಿಸಿದರೆ ಅರಗು ಕಿತ್ತಳೆಯಾಗಿ ಬೆಳಗುತ್ತದೆ, ಎಪಾಕ್ಸಿ ಸಾಮಾನ್ಯವಾಗಿ ನೀಲಿಬಿಳಿಯಾಗಿ. ಟಾರ್ಚಿನ ಬೆಳಕು ಕಣ್ಣಿಗೆ ಬೀಳಬಾರದು. ಕಾಯಿಸಿದ ಸೂಜಿ ಚುಚ್ಚಿ ನೋಡುವ ಪರೀಕ್ಷೆಯನ್ನು ಕೆಲವರು ಹೇಳಿಕೊಡುತ್ತಾರೆ. ಅದು ತೇಪೆಯನ್ನೂ ಕೆಡಿಸುತ್ತದೆ, ಪಕ್ಕದ ಗಾಜನ್ನೂ ಸೀಳುತ್ತದೆ.

ಇಡೀ ಹಿಡಿಯೇ ರಾಳದಂತೆ ಬೆಚ್ಚಗಿದ್ದು, ತಂತಿಗಳು ಎರಕದ ಗೆರೆಗಳಂತೆ ಮೊಂಡಾಗಿದ್ದರೆ ಅದು ಶಿಪ್ಪೊ ಅಲ್ಲ, ಇತ್ತೀಚಿನ ಅನುಕರಣೆ. ಕೊರಳಪಟ್ಟಿಯಲ್ಲಿ ಅಕ್ಷರಗಳಿದ್ದರೆ ಅವನ್ನೂ ಓದಿ. ಲಂಗರಿನ ಚಿಹ್ನೆ ಬರ್ಮಿಂಗ್‌ಹ್ಯಾಮ್‌ನ ಬೆಳ್ಳಿ ಪರೀಕ್ಷಾ ಕಚೇರಿಯದು. ಜಪಾನಿನ ಹಿಡಿಗೆ ಇಂಗ್ಲೆಂಡಿನ ಪಟ್ಟಿ ಕೂಡಿಸಿರುವುದು ಮೋಸವಲ್ಲ. ಅಮೆರಿಕಕ್ಕೆ ಹೋಗುವ ಸರಕಿನ ಮೇಲೆ 1891ರಿಂದ ತಯಾರಾದ ದೇಶದ ಹೆಸರು ಕಡ್ಡಾಯವಾಯಿತು. ಆಗ ಬಳಕೆಯಾದ ನಿಪ್ಪಾನ್ ಎಂಬ ಪದದ ಬದಲು 1921ರಿಂದ ಜಪಾನ್ ಎಂದೇ ಬರೆಯಬೇಕಾಯಿತು.

ಕೋಲು ಬಾಗಿದೆ, ಪುಡಿ ಉದುರುತ್ತಿದೆ, ಅಣಸು ಕಳಚಿದೆ

ಕೋಲಿನ ಕೆಳಗೆ ಕಪ್ಪು ಕಾಗದ ಹಾಸಿ ಒಂದು ವಾರ ಬಿಡಿ. ಹಿಟ್ಟಿನಂಥ ಹೊಸ ಪುಡಿ ಬಿದ್ದರೆ ಕುಟ್ಟೆಹುಳು ಜೀವಂತವಾಗಿದೆ. ಕೋಲನ್ನು ಬೇರೆ ಮರದ ಸಾಮಾನುಗಳಿಂದ ದೂರ, ಮುಚ್ಚಿದ ಚೀಲದಲ್ಲಿಟ್ಟು ತಜ್ಞರನ್ನು ಕೇಳಿ. ಸೀಮೆಎಣ್ಣೆ ಸುರಿಯುವುದು, ಬಿಸಿಲಿಗಿಡುವುದು, ಶೈತ್ಯಪೆಟ್ಟಿಗೆಯಲ್ಲಿ ಹೆಪ್ಪುಗಟ್ಟಿಸುವುದು ಮರಕ್ಕೆ ಒಗ್ಗಬಹುದು, ಹಿಡಿಯ ಗಾಜಿಗೆ ಒಗ್ಗುವುದಿಲ್ಲ. ಬಾಗಿದ ಬೆತ್ತವನ್ನು ಹಬೆಯಲ್ಲಿ ನೇರಮಾಡುವ ಉಪಾಯಕ್ಕೂ ಇದೇ ಉತ್ತರ. ಅಣಸು ಕಳಚಿದ್ದರೆ ಅದನ್ನು ಜೋಪಾನವಾಗಿಡಿ. ಅದರ ಸವೆತ ಕೋಲು ನಿಜವಾಗಿ ನಡೆದದ್ದಕ್ಕೆ ಸಾಕ್ಷಿ. ಎನಾಮೆಲ್ ಹಿಡಿ ಸವೆದಿದ್ದು ಅಣಸು ಹೊಚ್ಚಹೊಸದಾಗಿದ್ದರೆ ಅವೆರಡೂ ಒಟ್ಟಿಗೆ ಬಾಳಿದವಲ್ಲ ಎಂದು ಶಂಕಿಸಬಹುದು.

ಕೊರಳಪಟ್ಟಿಯ ಬಳಿ ಬಿಳಿಯ ಉಂಗುರವಿದ್ದು, ಅದರ ಅಡ್ಡಕೊಯ್ತದಲ್ಲಿ ಒಂದನ್ನೊಂದು ಕತ್ತರಿಸುವ ಬಿಲ್ಲಿನಂಥ ಗೆರೆಗಳು ಕಂಡರೆ ಅದು ಆನೆದಂತ. ಭಾರತದಲ್ಲಿ ಅದರ ವ್ಯಾಪಾರಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಅಡ್ಡಿಯಿದೆ. ಹಳೆಯದೆಂಬ ಕಾರಣಕ್ಕೆ ಮಾರಿಬಿಡಬಹುದೆಂದು ತಿಳಿಯಬಾರದು.

ತಜ್ಞರ ಬಳಿಗೆ ಹೋಗುವಾಗ

ಹಿಡಿ ತಿರುಗುತ್ತಿದ್ದರೆ, ಹಸಿರು ಮರಳುತ್ತಿದ್ದರೆ, ಬಿರುಕಿನ ತುದಿ ಸರಿಯುತ್ತಿದ್ದರೆ, ಗಾಜು ಅಳುತ್ತಿದ್ದರೆ, ಬರಿಯ ತಾಮ್ರ ಕಂಡಿದ್ದರೆ, ಅಲಗಿನ ಅನುಮಾನವಿದ್ದರೆ ಮನೆಯ ಪರೀಕ್ಷೆ ಅಲ್ಲಿಗೆ ಮುಗಿಯಿತು. ಒಡವೆಯ ಅಂಗಡಿಯೂ, ಪೀಠೋಪಕರಣ ರಿಪೇರಿಯೂ ಇದಕ್ಕೆ ಸರಿಯಾದ ಜಾಗವಲ್ಲ. ಲೋಹ ಮತ್ತು ಗಾಜಿನ ವಸ್ತುಗಳನ್ನು ಬಲ್ಲ ಸಂರಕ್ಷಣಾ ತಜ್ಞರು ಬೇಕು. ಲಖನೌದ ರಾಷ್ಟ್ರೀಯ ಸಂರಕ್ಷಣಾ ಪ್ರಯೋಗಾಲಯದ ಪ್ರಾದೇಶಿಕ ಶಾಖೆ ಮೈಸೂರಿನಲ್ಲಿದೆ. ಯಾರನ್ನು ಕಾಣಬೇಕೆಂದು ಅಲ್ಲಿ ವಿಚಾರಿಸಿ ಆರಂಭಿಸಬಹುದು. ಒಳ್ಳೆಯ ಸ್ಥಿತಿಯಲ್ಲಿರುವ ವಸ್ತುಗಳನ್ನು ನೋಡಿ ಕಣ್ಣು ಪಳಗಿಸಿಕೊಳ್ಳಬೇಕೆನ್ನುವವರಿಗೆ ಹೈದರಾಬಾದಿನ ಸಾಲಾರ್ ಜಂಗ್ ಸಂಗ್ರಹಾಲಯ ಹತ್ತಿರ. ಅಲ್ಲಿ ಊರುಗೋಲುಗಳ ಸಂಗ್ರಹವೂ ಜಪಾನಿನ ಕಲಾವಸ್ತುಗಳೂ ಇವೆ.

ಹೋಗುವಾಗ ಹಳೆಯ ಮತ್ತು ಹೊಸ ಚಿತ್ರಗಳು, ಕಾಗದದಲ್ಲಿ ಮಡಚಿದ ಚೂರುಗಳು, ಯಾವ ತಿಂಗಳಲ್ಲಿ ಏನು ಕಂಡಿತೆಂಬ ಟಿಪ್ಪಣಿ, ಹಿಂದೆ ಯಾವ ಪಾಲಿಶ್, ಯಾವ ಅಂಟು ಹಾಕಿದ್ದಿರಿ ಎಂಬ ಪ್ರಾಮಾಣಿಕ ಪಟ್ಟಿ ಜೊತೆಗಿರಲಿ. ಹುಣಸೆಹಣ್ಣು ಹಾಕಿದ್ದರೆ ಅದನ್ನೂ ಹೇಳಿ. ಕೋಲನ್ನು ಕಾರಿನ ಡಿಕ್ಕಿಯಲ್ಲಿ ಬಿಸಿಲಿಗೆ ಬಿಡದೆ, ಹಿಡಿಯ ಸುತ್ತ ಒಗೆದ ಹಳೆಯ ಹತ್ತಿಬಟ್ಟೆ ಸುತ್ತಿ, ಸೀಟಿನ ಮೇಲೆ ಅಡ್ಡಲಾಗಿ ಮಲಗಿಸಿ ಕೊಂಡೊಯ್ಯಿರಿ.